ಸಿಂದಗಿಯಲ್ಲಿ ನಾನು ಬರೆದ ಇಪ್ಪತ್ತೆರಡು ಅಭಿಪ್ರಾಯಗಳು

ಬಿ.ಎ. ಮುಗಿಸಿ ಎರಡು ವರ್ಷ ಬಾಗೇವಾಡಿಯ ಮನೆಯಲ್ಲಿ ಸುಮ್ಮನೆ ಕುಳಿತ ಮೇಲೆ ನನಗೆ ಸಿಕ್ಕ ಮೊದಲ ಕೆಲಸವೆಂದರೆ ಪುಕ್ಕಟೆ ಸಾಮಾನು ಹಂಚುವುದು. ಹಂಚಿ, ಹದಿನೈದು ದಿನ ಬಿಟ್ಟು ಮತ್ತೆ ಅದೇ ಮನೆಗಳಿಗೆ ಹೋಗಿ, ಹೇಗಿತ್ತು ಎಂದು ಕೇಳಿ ಬರೆದುಕೊಂಡು ಬರುವುದು. ಈಗ ಇದನ್ನೆಲ್ಲ ಜನ ಫೋನಿನಲ್ಲೇ ಮುಗಿಸುತ್ತಾರೆ. ಕಂಪನಿಯವರು ಸಾಮಾನನ್ನು ಮನೆಬಾಗಿಲಿಗೆ ಕಳಿಸುತ್ತಾರೆ, ಇವರು ಐದು ಚುಕ್ಕಿ ಒತ್ತಿ ನಾಲ್ಕು ಸಾಲು ಬರೆಯುತ್ತಾರೆ. ಓಣಿಗೊಂದು ಎಸ್‌ಟಿಡಿ ಬೂತು ಇದ್ದ ಆ ಕಾಲದಲ್ಲಿ ಆ ನಾಲ್ಕು ಸಾಲು ತರಲು ಯಾರಾದರೂ ಬಿಸಿಲಲ್ಲಿ ನಡೆದು ಹೋಗಬೇಕಿತ್ತು. ನಮ್ಮ ಕಡೆಯ ನಾಲ್ಕು ತಾಲೂಕುಗಳಲ್ಲಿ ಹಾಗೆ ನಡೆದವಳು ನಾನು.

ಕೆಲಸ ಬಂದದ್ದು ಟೈಪಿಂಗ್ ಕ್ಲಾಸಿನಿಂದ. ಹುಬ್ಬಳ್ಳಿಯಿಂದ ಒಬ್ಬ ಸೂಪರ್‌ವೈಸರ್ ಬಂದು, ಓದಿದ, ಓಣಿಗಳಲ್ಲಿ ಹೆಂಗಸರ ಜೊತೆ ಮಾತಾಡಬಲ್ಲ ಹುಡುಗಿ ಬೇಕು ಎಂದು ಕ್ಲಾಸಿನ ಮಾಲೀಕರನ್ನು ಕೇಳಿದರಂತೆ. ಮಾಲೀಕರು ನನ್ನತ್ತ ಬೊಟ್ಟು ಮಾಡಿದರು. ಸೂಪರ್‌ವೈಸರ್ ನಲವತ್ತು ದಾಟಿದ, ಕಂಕುಳಲ್ಲಿ ಸದಾ ಒಂದು ರೆಕ್ಸಿನ್ ಚೀಲ ಇಟ್ಟುಕೊಂಡಿರುತ್ತಿದ್ದ ಮನುಷ್ಯ. ಯಾವುದೋ ದೊಡ್ಡ ಕಂಪನಿ ಹೊಸ ಸಾಮಾನು ಅಂಗಡಿಗೆ ಬಿಡುವ ಮೊದಲು ಜನರ ಅಭಿಪ್ರಾಯ ತಿಳಿಯಲು ಇವರ ಆಫೀಸಿಗೆ ಹೇಳುತ್ತಿತ್ತು, ಇವರು ನಮ್ಮಂಥವರಿಗೆ ಹೇಳುತ್ತಿದ್ದರು. ಯಾವ ಕಂಪನಿ ಎಂಬುದು ಅವರಿಗೂ ಗೊತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಮೊದಲ ಸಲ ಚಹಾಪುಡಿ ಕೊಟ್ಟರು, ಆಮೇಲೆ ತಲೆಗೆ ಹಚ್ಚುವ ಎಣ್ಣೆ. ಎಲ್ಲವೂ ಬಿಳಿ ಪೊಟ್ಟಣ, ಬಿಳಿ ಬಾಟಲಿ. ಮೇಲೆ ಹೆಸರಿಲ್ಲ, ಚಿತ್ರವಿಲ್ಲ, ಒಂದು ಅಕ್ಷರ ಮತ್ತು ಮೂರು ಅಂಕಿ ಅಷ್ಟೇ. ಅಪ್ಪನಿಗೆ ಇದು ಸರಿಬರಲಿಲ್ಲ. ಅವರು ಊರಿನ ಒಬ್ಬ ಖಾಸಗಿ ಡಾಕ್ಟರ ಹತ್ತಿರ ಇಪ್ಪತ್ತೈದು ವರ್ಷ ಕಂಪೌಂಡರ್ ಆಗಿದ್ದವರು. ನಾನು ತಂದಿಟ್ಟ ಎಣ್ಣೆಯ ಬಾಟಲಿಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, "ಚೀಟಿ ಇಲ್ಲದ ಬಾಟ್ಲಿ ನಾ ಯಾರಿಗೂ ಕೊಟ್ಟಿಲ್ಲ ನೋಡು," ಎಂದು ಹೇಳಿ ಕಪಾಟಿನ ಮೇಲೆ ಇಟ್ಟರು. ಬೇಡ ಎಂದೇನೂ ಹೇಳಲಿಲ್ಲ. ಮಗಳು ಮನೆಯಲ್ಲಿ ಕೂತು ಕೂತು ಸಪ್ಪಗಾಗಿದ್ದನ್ನು ಅವರೂ ನೋಡಿದ್ದರು.

ಪುಕ್ಕಟೆ ಕೊಡುವುದು ಸುಲಭದ ಕೆಲಸ ಎಂದು ನಾನು ತಿಳಿದಿದ್ದೆ. ಮುದ್ದೇಬಿಹಾಳದಲ್ಲಿ ಮೊದಲ ಬಾಗಿಲಲ್ಲೇ ಅದು ತಪ್ಪೆಂದು ಗೊತ್ತಾಯಿತು. ಕೆಲವರು ಇಲೆಕ್ಷನ್ನಿನವರೆಂದು ತಿಳಿದರು. ಕುಟುಂಬ ಯೋಜನೆಯವಳೆಂದು ತಿಳಿದು ಬಾಗಿಲು ಹಾಕಿಕೊಂಡವರೂ ಇದ್ದರು. ಒಬ್ಬಾಕೆ ಚಹಾಪುಡಿಯನ್ನು ಮೊದಲು ನನಗೇ ಕುದಿಸಿ ಕುಡಿಸಿ, ಅರ್ಧ ತಾಸು ನನ್ನನ್ನೇ ನೋಡುತ್ತ ಕುಳಿತು, ನನಗೇನೂ ಆಗದಿದ್ದುದನ್ನು ಕಂಡ ಮೇಲೆ ಪೊಟ್ಟಣ ಒಳಗಿಟ್ಟರು. ಕೊಡುವುದಕ್ಕೇ ಇಷ್ಟಾದರೆ, ಕೇಳುವುದು ಇನ್ನೂ ಕಷ್ಟ. ಪ್ರಶ್ನೆಗಳ ಹಾಳೆ ಬೆಂಗಳೂರಿನಲ್ಲಿ ಯಾರೋ ಕನ್ನಡಕ್ಕೆ ತಂದದ್ದು. 'ಈ ಉತ್ಪನ್ನದ ಪರಿಮಳವು ತಮ್ಮ ನಿರೀಕ್ಷೆಗೆ ಎಷ್ಟರಮಟ್ಟಿಗೆ ಹೊಂದಿಕೆಯಾಯಿತು' ಎಂದು ಅದರಲ್ಲಿರುತ್ತಿತ್ತು. ಇದ್ದದ್ದು ಇದ್ದಂತೆಯೇ ಓದಬೇಕು, ನಿಮ್ಮದೊಂದು ಮಾತು ಕೂಡಿಸಬಾರದು ಎಂದು ಸೂಪರ್‌ವೈಸರ್ ಹೇಳಿದ್ದರು. ನಾನು ಓದುತ್ತಿದ್ದೆ, ಅವರು ನನ್ನ ಮುಖ ನೋಡುತ್ತಿದ್ದರು. ಆಮೇಲೆ ನಾನು ವಾಸನಿ ಹೆಂಗಿತ್ರಿ ಅಕ್ಕಾರ ಎಂದು ಕೇಳುತ್ತಿದ್ದೆ. ಚಲೋ ಇತ್ತು ಎನ್ನುತ್ತಿದ್ದರು.

ಎಲ್ಲರೂ ಚಲೋ ಇತ್ತು ಎನ್ನುತ್ತಿದ್ದರು. ನನ್ನ ಹತ್ತಿರ ಒಂದು ಕಾರ್ಡಿತ್ತು, ಅದರ ಮೇಲೆ ಐದು ಮುಖಗಳು: ನಗುವ ಮುಖದಿಂದ ಹಿಡಿದು ಅಳುವ ಮುಖದವರೆಗೆ. ಓದಲು ಬಾರದವರು ಬೆರಳಿಟ್ಟು ತೋರಿಸಲಿ ಎಂದು ಅದು. ಇಂಡಿಯಲ್ಲಾಗಲಿ ಮುದ್ದೇಬಿಹಾಳದಲ್ಲಾಗಲಿ ಯಾವ ಹೆಂಗಸೂ ನಗುವ ಮುಖ ಬಿಟ್ಟು ಬೇರೆಯದರ ಮೇಲೆ ಬೆರಳಿಡುತ್ತಿರಲಿಲ್ಲ. ನಾಲತವಾಡದ ಒಬ್ಬ ಮುದುಕಿ, ಎಣ್ಣೆ ಹಚ್ಚಿದ ಮೇಲೆ ತಲೆಯೆಲ್ಲ ಅಂಟಂಟಾಗಿ ಎರಡು ಸಲ ಎರೆದುಕೊಂಡೆ ಎಂದು ನೆರೆಮನೆಯಾಕೆಯ ಎದುರು ಹೇಳುತ್ತಿದ್ದಳು. ಅದು ನನ್ನ ಕಿವಿಗೆ ಬಿತ್ತು. ಹಾಗಾದರೆ ಹಾಗೇ ಬರೆಯಲೇ ಎಂದು ಕೇಳಿದರೆ ಆಕೆ ಒಪ್ಪಲಿಲ್ಲ. "ಉಂಡ ಮನಿ ಜಂತಿ ಎಣಸಬಾರದವಾ. ಚಲೋ ಅಂತ ಬರಿ," ಎಂದಳು. ನಾನು ಬರೆದೆ.

ಮೂರನೆಯ ಸುತ್ತಿಗೆ ಬಂದದ್ದು ಬಟ್ಟೆ ಒಗೆಯುವ ಪುಡಿ. ನಮ್ಮ ಕಡೆಯ ಬೋರಿನ ನೀರು ಸವುಳು, ಸಬಕಾರ ನೊರೆ ಏಳುವುದಿಲ್ಲ. ಅಂಥ ನೀರಿನಲ್ಲಿ ಇದು ಹೇಗೆ ಕೆಲಸ ಮಾಡುತ್ತದೆಂದು ನೋಡಬೇಕಿತ್ತಂತೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಒಂದೊಂದರಲ್ಲಿ ಐವತ್ತು ಮನೆ. ಹಂಚುವಾಗ ಜೀಪು ಕೊಟ್ಟಿದ್ದರು. ಕೇಳಲು ಹೋಗುವಾಗ ನಾನೊಬ್ಬಳೇ, ಬಸ್ಸಿನಲ್ಲಿ.

ಅದು ಬೇಸಿಗೆ. ಬಾಗೇವಾಡಿಯ ಐವತ್ತು ಮನೆ ಮುಗಿಸಿ, ಮುದ್ದೇಬಿಹಾಳ ಮುಗಿಸಿ, ಬಿಜಾಪುರದ ಮೇಲೆ ಹಾದು ಇಂಡಿಗೆ ನಾಲ್ಕು ದಿನ ಓಡಾಡಿ ಸಿಂದಗಿಗೆ ಬರುವ ಹೊತ್ತಿಗೆ ನನ್ನೊಳಗೆ ಏನೋ ಬತ್ತಿಹೋಗಿತ್ತು. ಕಾಲು ನೋವು, ಗಂಟಲು ನೋವು ಎಲ್ಲರಿಗೂ ಬರುವಂಥದ್ದೇ. ಅದಕ್ಕಿಂತ ಹೆಚ್ಚಾಗಿ ಬೇಸರ ಬಂದದ್ದು ಉತ್ತರಗಳಿಂದ. ಮೂವತ್ತಾರು ಪ್ರಶ್ನೆ, ಮೂವತ್ತಾರಕ್ಕೂ ಒಂದೇ ಉತ್ತರ. ನಾನು ಕೇಳುವ ಮೊದಲೇ ಅವರ ಬೆರಳು ನಗುವ ಮುಖದ ಮೇಲೆ ಬಂದು ಕೂರುತ್ತಿತ್ತು. ಸಿಂದಗಿಯಲ್ಲಿ ಎರಡು ದಿನ ಇಪ್ಪತ್ತೆಂಟು ಮನೆ ಮಾಡಿದೆ. ಮೂರನೆಯ ದಿನ ಬೆಳಗಿನ ಬಸ್ಸಿಳಿದು, ನಿಲ್ದಾಣದ ಕಲ್ಲುಬೆಂಚಿನ ಮೇಲೆ ಸ್ವಲ್ಪ ಕೂರೋಣವೆಂದು ಕುಳಿತವಳು ಏಳಲೇ ಇಲ್ಲ. ಚೀಲದಿಂದ ಉಳಿದ ಇಪ್ಪತ್ತೆರಡು ಫಾರ್ಮು ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ. ಮೊದಲನೆಯದನ್ನು ನಾನೇ ತುಂಬಲು ಬಹಳ ಹೊತ್ತು ಹಿಡಿಯಿತು. ಐದನೆಯದಕ್ಕೆ ಬರುವಾಗ ಸರಾಗವಾಯಿತು.

ಎಲ್ಲದಕ್ಕೂ ನಗುವ ಮುಖ ಹಾಕಿದರೆ ಅನುಮಾನ ಬರುತ್ತದೆಂದು ನಾಲ್ಕಾರು ಫಾರ್ಮಿಗೆ ಎರಡನೆಯ ಮುಖ ಹಾಕಿದೆ. ಕೊನೆಯಲ್ಲಿ 'ಗ್ರಾಹಕರ ಸ್ವಂತ ಮಾತು' ಎಂದು ನಾಲ್ಕು ಗೆರೆ ಖಾಲಿ ಬಿಟ್ಟಿರುತ್ತಿತ್ತು. ನಿಜವಾದ ಮನೆಗಳಲ್ಲಿ ಅಲ್ಲಿ 'ಚಲೋ ಐತಿ' ಎಂಬುದಕ್ಕಿಂತ ಹೆಚ್ಚೇನೂ ಬರುತ್ತಿರಲಿಲ್ಲ. ಈ ಇಪ್ಪತ್ತೆರಡರಲ್ಲಿ ನಾನು ನಾಲ್ಕೂ ಗೆರೆ ತುಂಬಿಸಿದೆ. ಮೊದಲ ಭೇಟಿಯ ಚೀಟಿಗಳು ನನ್ನ ಹತ್ತಿರವೇ ಇದ್ದವು. ಯಾರ ಮನೆಯಲ್ಲಿ ಎಷ್ಟು ಜನ, ಯಾರು ಬಟ್ಟೆ ಒಗೆಯುತ್ತಾರೆ ಎಲ್ಲ ಅದರಲ್ಲಿತ್ತು. ಮಕ್ಕಳಿದ್ದ ಮನೆಗೆ ಸಾಲಿಯ ಅಂಗಿ ಬೆಳ್ಳಗಾಯಿತೆಂದು ಬರೆದೆ. ಮುದುಕರಿದ್ದ ಮನೆಗೆ ಮಾವನವರ ಧೋತರದ ಕಲೆ ಹೋಯಿತೆಂದು ಬರೆದೆ. ಗಂಡ ಹೆಂಡತಿ ಅತ್ತೆ ಇದ್ದ ಒಂದು ಮನೆಗೆ 'ನನ್ನ ಗಂಡನ ಅಂಗಿ ಅಂಗಡಿಯಿಂದ ಈಗ ತಂದಂಗ ಆತು' ಎಂದು ಬರೆದೆ. ಮಧ್ಯಾಹ್ನದ ಬಸ್ಸಿಗೆ ಮನೆಗೆ ಬಂದು, ಉಂಡು ಮಲಗಿದೆ. ಗಾಢ ನಿದ್ದೆ ಬಂತು. ಅದನ್ನೂ ಹೇಳಿಬಿಡಬೇಕು.

ಎಂಟು ದಿನಕ್ಕೆ ಸೂಪರ್‌ವೈಸರ್ ಫೋನು ಬಂತು. ಬೂತಿನವರು ಕರೆದರು, ಓಡಿಹೋದೆ. ಫಾರ್ಮುಗಳು ಮುಟ್ಟಿವೆ, ಸಿಂದಗಿಯವು ಭಾಳ ಚಲೋ ಆಗಿವೆ, ಹಿಂಗ ಬರೀಬೇಕು, ಆಫೀಸಿನಲ್ಲಿ ಎಲ್ಲರಿಗೂ ಓದಿ ತೋರಿಸಿದೆವು ಎಂದು ಅವರು ಹೇಳಿದರು. ನನ್ನ ಬರವಣಿಗೆಯನ್ನು ಒಬ್ಬರು ಹೊಗಳಿದ್ದು ಜೀವನದಲ್ಲಿ ಅದೇ ಮೊದಲು. ಬೂತಿನ ಗಾಜಿನ ಪೆಟ್ಟಿಗೆಯೊಳಗೆ ನಿಂತು ಖುಷಿಯಾದದ್ದು ನೆನಪಿದೆ. ಹೊರಗೆ ಬಂದ ಮೇಲೆ, ಅವರು ಹೊಗಳಿದ್ದು ಯಾವ ಇಪ್ಪತ್ತೆರಡನ್ನು ಎಂಬುದು ನೆನಪಾಯಿತು.

ಅದರ ಮುಂದಿನ ವಾರ ಅವರು ಹೇಳದೆ ಕೇಳದೆ ಬಾಗೇವಾಡಿಗೆ ಬಂದಿಳಿದರು. ಪ್ರತಿ ಸುತ್ತಿನಲ್ಲೂ ಹತ್ತು ಮನೆಯನ್ನು ತಾವೇ ಹೋಗಿ ತಾಳೆ ನೋಡಬೇಕೆಂಬ ನಿಯಮವಿತ್ತಂತೆ. ಹಿಂದಿನ ಎರಡು ಸುತ್ತಿನಲ್ಲಿ ಅವರಿಗೆ ಅದಕ್ಕೆ ಬಿಡುವಾಗಿರಲಿಲ್ಲ. ಈ ಸಲ ಸಿಂದಗಿ ಆರಿಸಿಕೊಂಡಿದ್ದೇನೆ, ನೀವೂ ಬರ್ರಿ, ಓಣಿ ತೋರಸ್ರಿ ಎಂದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರು ತಮ್ಮ ಸೊಂಟನೋವಿನ ಬಗ್ಗೆ ಮಾತಾಡಿದರು. ನಾನು ಕಿಟಕಿಯ ಹೊರಗೆ ನೋಡುತ್ತ ಹೂಂಗುಟ್ಟಿದೆ. ಈಗಲೇ ಹೇಳಿಬಿಡಲೇ ಎಂದು ಎಷ್ಟೋ ಸಲ ಬಾಯಿಯವರೆಗೆ ಬಂತು. ಹೇಳಲಿಲ್ಲ.

ಮೊದಲ ಎರಡು ಮನೆ ನಾನು ನಿಜವಾಗಿ ಹೋದಂಥವು, ಬದುಕಿದೆ ಎಂದುಕೊಂಡೆ. ಮೂರನೆಯದಾಗಿ ಅವರು ಚೀಲದಿಂದ ತೆಗೆದದ್ದು ಗಂಡನ ಅಂಗಿಯ ಫಾರ್ಮು.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದೇ ಅಂಕಣದ ಮನೆ ಅದು, ಎದುರಿಗೆ ಕಟ್ಟೆ, ಪಕ್ಕದಲ್ಲಿ ಒಗೆಯುವ ಕಲ್ಲು. ಅಲ್ಲಿದ್ದಾಕೆ ನನಗಿಂತ ಆರೇಳು ವರ್ಷ ದೊಡ್ಡವಳು. ಹಾಸ್ಟೆಲ್ಲಿನ ಹುಡುಗರ ಬಟ್ಟೆ ಒಗೆದು ಅತ್ತೆಯನ್ನೂ ತನ್ನನ್ನೂ ಸಾಕುತ್ತಿದ್ದಳು. ಮೊದಲ ಸಲ ಪುಡಿ ಕೊಡಲು ಹೋದಾಗ ನನಗೆ ತಂಬಿಗೆ ನೀರು ಕೊಟ್ಟು, ಕಟ್ಟೆಯ ಮೇಲೆ ಕೂರಿಸಿ, ಎಷ್ಟು ಜನ ಇದ್ದೀರಿ ಎಂದು ಕೇಳಿದಾಗ ಒಂದು ಗಳಿಗೆ ತಡೆದು ಮೂರು ಎಂದಿದ್ದಳು. ಈಗ ನಮ್ಮಿಬ್ಬರನ್ನು ಕಂಡು ಸೆರಗಿನೊಳಗೆ ಕೈ ಸೇರಿಸಿಕೊಂಡು ಎದ್ದು ನಿಂತಳು.

ಸೂಪರ್‌ವೈಸರ್ ನನಗೆ ಕಟ್ಟೆಯ ಆಚೆಗೇ ನಿಲ್ಲಲು ಹೇಳಿ, ಫಾರ್ಮು ನೋಡುತ್ತ ಕೇಳಿದರು: "ಈ ಬಾಯಾರು ಎರಡನೇ ಸಲ ಬಂದು ನಿಮ್ಮನ್ನ ಕೇಳಿ ಬರಕೊಂಡಾರೇನ್ರಿ?"

ಆಕೆ ಅವರ ಭುಜದ ಮೇಲಿಂದ ನನ್ನತ್ತ ನೋಡಿದಳು. ನಾನು ನೆಲ ನೋಡಿದೆ.

"ಬಂದಿದ್ರಲ್ರಿ. ಇಲ್ಲೇ ಕಟ್ಟಿ ಮ್ಯಾಲ ಕುಂತು ಬರಕೊಂಡ್ರು," ಎಂದಳು.

ಕಾರ್ಡು ತೋರಿಸಿದರೇ ಎಂದರು. ತೋರಿಸಿದರು ಎಂದಳು. ಯಾವ ಮುಖ ತೋರಿಸಿದಿರಿ ಎಂದು ಕೇಳಿದಾಗ ಆಕೆಗೆ ಯಾವ ಮುಖ, ಏನು ಎಂದು ತಿಳಿಯಲಿಲ್ಲ. ಪುಡಿ ಚಲೋ ಐತಿ ಅಂದೇನ್ರಿ ಎಂದು ಮಾತ್ರ ಹೇಳಿದಳು. ಅವರಿಗೆ ಅಷ್ಟು ಸಾಕಾಗಿತ್ತು. ಆದರೆ ಹೊರಡುವ ಮೊದಲು, ತಮಗೆ ಬಹಳ ಇಷ್ಟವಾಗಿದ್ದ ಆ ಸಾಲನ್ನು ಆಕೆಯ ಎದುರು ಓದಿದರು.

"'ನನ್ನ ಗಂಡನ ಅಂಗಿ ಅಂಗಡಿಯಿಂದ ಈಗ ತಂದಂಗ ಆತು' ಅಂತ ಬರದೈತಿ. ಇದು ನಿಮ್ಮ ಮಾತೇನು?"

ಒಳಗೆ ಅತ್ತೆ ಏನೋ ಕುಟ್ಟುತ್ತಿದ್ದಳು, ಆ ಸದ್ದು ನಿಂತಿತು. ಆಕೆ ಒಮ್ಮೆ ಒಳಗೆ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, "ಹೂಂನ್ರಿ. ನಾನ ಅಂದೇನಿ," ಎಂದಳು.

ಸೂಪರ್‌ವೈಸರ್ ಫಾರ್ಮಿನ ಮೂಲೆಯಲ್ಲಿ ಸರಿ ಗುರುತು ಹಾಕಿದರು. ಇನ್ನೂ ಏಳು ಮನೆ ನೋಡಬೇಕಿತ್ತು. ಬಿಸಿಲು, ಸೊಂಟನೋವು ಎಂದು ಅಲ್ಲಿಗೇ ಸಾಕು ಮಾಡಿ, ಉಳಿದ ಏಳಕ್ಕೂ ನಿಲ್ದಾಣದಲ್ಲೇ ಕುಳಿತು ಸರಿ ಗುರುತು ಹಾಕಿ ಬಿಜಾಪುರದ ಬಸ್ಸು ಹತ್ತಿದರು. ನಾನು ಬರೆದ ಬೆಂಚಿನ ಪಕ್ಕದ ಬೆಂಚು ಅದು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಮಾಡಲು ನನಗೆ ಯಾವ ಹಕ್ಕಿತ್ತು?

ನಾನು ಬಾಗೇವಾಡಿಯ ಬಸ್ಸು ಹತ್ತದೆ ತಿರುಗಿ ಆ ಓಣಿಗೆ ಹೋದೆ. ಆಕೆ ಕಟ್ಟೆಯ ಮೇಲೆ ಕುಳಿತಿದ್ದಳು. ನನ್ನನ್ನು ಕಂಡು ಸರಿದು ಜಾಗ ಕೊಟ್ಟಳು. ಏನು ಮಾತಾಡಬೇಕೆಂದು ತಿಳಿಯದೆ, ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಿಬಿಟ್ಟೆ. ಕೇಳುವ ಸರದಿ ನನ್ನದಾಗಿರಲಿಲ್ಲ.

"ನಿಮ್ಮ ಮುಖ ನೋಡಿದ್ನಿ," ಎಂದಳು ಆಕೆ. "ಕೆಲಸ ಹೋಗೂದು ಹೆಂಗಿರತೈತಿ ನನಗ ಗೊತ್ತೈತಿ."

ಆಮೇಲೆ ಸೆರಗಿನಿಂದ ಕೈ ಹೊರತೆಗೆದಳು. ಅಂಗೈಯ ಚರ್ಮ ಸುಲಿದು ಕೆಂಪಗಾಗಿತ್ತು, ಬೆರಳ ಸಂದಿಗಳಲ್ಲಿ ಬಿರುಕು ಬಿಟ್ಟಿತ್ತು. ಪುಡಿ ಹಚ್ಚಿದ ನಾಲ್ಕನೆಯ ದಿನಕ್ಕೆ ಕಡಿತ ಶುರುವಾಯಿತಂತೆ. ನೊರೆ ಚೆನ್ನಾಗಿ ಬರುತ್ತಿತ್ತು, ಹುಡುಗರ ಅಂಗಿ ಬೇಗ ಬೆಳ್ಳಗಾಗುತ್ತಿತ್ತು, ಅದಕ್ಕೇ ಇನ್ನೂ ಎರಡು ದಿನ ತಡೆದುಕೊಂಡು ಒಗೆದಳಂತೆ. ಆಮೇಲೆ ತಡೆಯಲಾಗಲಿಲ್ಲ. ಬೂದಿ, ಸೋಡಾಕ್ಕೆ ಮರಳಿದರೂ ಕೈ ಆರಲಿಲ್ಲ. ದಿನಾ ನೀರಿನಲ್ಲೇ ಇರಬೇಕಲ್ಲ. ಇದನ್ನು ಆ ಸಾಹೇಬರಿಗೆ ತೋರಿಸಬೇಕಿತ್ತು ಎಂದೆ.

"ಪುಕ್ಕಟೆ ಕೊಟ್ಟಿದ್ದಕ್ಕ ಹೆಂಗ ಹೆಸರ ಇಡೂದ್ರಿ?" ಎಂದಳು. ಮತ್ತೆ ತಡೆದು, "ಅದ ಇರ್ಲಿ, ಅಂಗಿ ಮಾತು ಎಲ್ಲಿಂದ ತಂದ್ರಿ?" ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕೆಂಬ ಆಸೆಯಿತ್ತು.

ಮೂರು ಜನ ಎಂದಿದ್ದಿರಲ್ಲ, ಅದಕ್ಕೆ ನಾನೇ ಯೋಚಿಸಿ ಬರೆದೆ ಎಂದು ಹೇಳಿದೆ. ಆಗ ಆಕೆ ಹೇಳಿದ್ದು ಇಷ್ಟು: ನಾಲ್ಕು ವರ್ಷದ ಹಿಂದೆ ಗಂಡ ಗೋವಾಕ್ಕೆ ಕಟ್ಟಡದ ಗೌಂಡಿ ಕೆಲಸಕ್ಕೆ ಹೋದವನು ಮೊದಲ ವರ್ಷ ಎರಡು ಸಲ ಬಂದುಹೋಗಿದ್ದ, ಆಮೇಲೆ ಬಂದಿರಲಿಲ್ಲ. ಸತ್ತ ಸುದ್ದಿಯಿಲ್ಲ, ಇದ್ದ ಸುದ್ದಿಯಿಲ್ಲ. ಜನ ಎಷ್ಟು ಎಂದು ಕೇಳಿದವರಿಗೆಲ್ಲ, ರೇಶನ್ನಿನವರಿಗೂ ವೋಟಿನ ಪಟ್ಟಿಯವರಿಗೂ, ಆಕೆ ಮೂರು ಎಂದೇ ಹೇಳುತ್ತ ಬಂದಿದ್ದಳು. ಒಂದು ಅಂಗಿ ಟ್ರಂಕಿನಲ್ಲಿದೆ, ಒಗೆಯುವ ಪ್ರಸಂಗ ಬಂದಿಲ್ಲ ಎಂದು ಹೇಳಿ ಆಕೆ ಸ್ವಲ್ಪ ನಕ್ಕಳು. ನಾನು ತಪ್ಪಾಯಿತು ಎಂದೆ. ಆ ಮಾತು ಎಷ್ಟು ಸಣ್ಣದೆಂದು ಹೇಳಿದ ಮೇಲೆ ಗೊತ್ತಾಯಿತು.

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಅವರು ಬೈಯುತ್ತಾರೆಂದುಕೊಂಡಿದ್ದೆ. ಅವರು ಕೇಳಿದ್ದು ಕೈಯ ಬಗ್ಗೆ ಮಾತ್ರ: ನೀರುಗುಳ್ಳೆ ಎದ್ದಿದೆಯೇ, ಕೀವು ಇದೆಯೇ, ಮೊಣಕೈಯವರೆಗೆ ಹೋಗಿದೆಯೇ. ಮರುದಿನ ಡಾಕ್ಟರನ್ನು ಕೇಳಿ ಒಂದು ಮುಲಾಮು ತಂದರು. ಎಷ್ಟು, ಯಾವಾಗ ಹಚ್ಚಬೇಕೆಂದು ಒಂದು ಚೀಟಿಯಲ್ಲಿ ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದು ಡಬ್ಬಿಗೆ ಅಂಟಿಸಿದರು. ಹತ್ತು ದಿನ ನೀರು ಮುಟ್ಟಬಾರದು ಎಂದೂ ಬರೆದು, ಆಮೇಲೆ ಯೋಚಿಸಿ ಅದನ್ನು ಹೊಡೆದುಹಾಕಿ, ಒಗೆದ ಮೇಲೆ ಕೈ ಒಣಗಿಸಿ ಕೊಬ್ಬರಿ ಎಣ್ಣೆ ಹಚ್ಚಬೇಕು ಎಂದು ಬರೆದರು. ನಾನು ಮತ್ತೆ ಸಿಂದಗಿಗೆ ಹೋಗುತ್ತೇನೆಂದಾಗ, ಹೋಗು, ಉಳಿದವರನ್ನೂ ಕೇಳಿ ಬಾ ಎಂದರು.

ಇಪ್ಪತ್ತೆರಡು ಮನೆಗಳನ್ನು ಮೂರು ದಿನದಲ್ಲಿ ಮುಗಿಸಿದೆ. ಈ ಸಲ ಪ್ರಶ್ನೆಯ ಹಾಳೆಯನ್ನು ಚೀಲದಲ್ಲೇ ಬಿಟ್ಟು, ಮೊದಲು ಕೈ ತೋರಿಸಿ ಎಂದು ಕೇಳುತ್ತಿದ್ದೆ. ಮೂವರ ಕೈ ಅದೇ ರೀತಿ ಆಗಿತ್ತು, ಅಷ್ಟು ಜೋರಾಗಿ ಅಲ್ಲ. ಆರು ಮನೆಯಲ್ಲಿ ಪೊಟ್ಟಣ ಒಡೆದೇ ಇರಲಿಲ್ಲ. ಒಬ್ಬರು ಬಾಣಂತನಕ್ಕೆ ಬಂದ ಮಗಳಿಗೆ ಕೊಟ್ಟು ಕಳಿಸಿದ್ದರು. ಇನ್ನೊಬ್ಬರು ಓಣಿಯ ಕಿರಾಣಿ ಅಂಗಡಿಗೆ ಕೊಟ್ಟು ಬೆಲ್ಲ ತಂದಿದ್ದರು. ಅದನ್ನು ಬರೆಯಬೇಡಿರೆಂದು ಬೇಡಿಕೊಂಡರು. ಉಳಿದವರು ಚಲೋ ಐತಿ ಎಂದರು, ಅವರಿಗೆ ಅದು ನಿಜವಾಗಿಯೂ ಚಲೋ ಇದ್ದಿರಬಹುದು. ಎಲ್ಲರೂ ಹೇಳಿದ್ದನ್ನು ಹೇಳಿದಂತೆ ಬರೆದೆ. ಮಾಲೀಕರಿಗೆ ಹೇಳಿ ಟೈಪಿಂಗ್ ಕ್ಲಾಸಿನ ಮೆಶಿನ್ನಿನಲ್ಲಿ ಒಂದು ಪತ್ರವನ್ನೂ ಟೈಪ್ ಮಾಡಿದೆ: ಮೊದಲಿನ ಇಪ್ಪತ್ತೆರಡು ಫಾರ್ಮುಗಳನ್ನು ನಾನೇ ಕುಳಿತು ಬರೆದದ್ದು, ಅವನ್ನು ತೆಗೆದುಹಾಕಿ ಇವನ್ನು ಇಟ್ಟುಕೊಳ್ಳಬೇಕು.

ಸೂಪರ್‌ವೈಸರ್ ಬಿಜಾಪುರಕ್ಕೆ ಬಂದಾಗ ಅಲ್ಲಿಯ ಲಾಡ್ಜಿನ ಕೆಳಗಿನ ಹೋಟೆಲ್ಲಿನಲ್ಲಿ ಅವರನ್ನು ಕಂಡೆ. ಅಪ್ಪ ನನ್ನ ಜೊತೆ ಬಂದು ಬೇರೆ ಟೇಬಲ್ಲಿಗೆ ಕುಳಿತರು. ಸೂಪರ್‌ವೈಸರ್ ಪತ್ರ ಓದಿದರು, ಮತ್ತೊಮ್ಮೆ ಓದಿದರು. ಅವರ ಚಹಾ ಆರಿಹೋಯಿತು. ಲೆಕ್ಕವೆಲ್ಲ ಕಂಪನಿಗೆ ಹೋಗಿ ಮುಟ್ಟಿದೆ ಎಂದರು. ಇದನ್ನು ಕಳಿಸಿದರೆ ಸಿಂದಗಿಯಷ್ಟೇ ಅಲ್ಲ, ನಾಲ್ಕೂ ತಾಲೂಕಿನ ಫಾರ್ಮು ರದ್ದಾಗುತ್ತವೆ, ತಾವು ಹಾಕಿದ ಸರಿ ಗುರುತುಗಳ ಬಗ್ಗೆಯೂ ಕೇಳುತ್ತಾರೆ ಎಂದರು. ಹೆದರಿಸುವ ದನಿಯಲ್ಲ ಅದು, ಬಹಳ ದಣಿದ ದನಿ. ಈ ಕೆಲಸದಲ್ಲಿ ಎಲ್ಲರೂ ಸ್ವಲ್ಪ ಹೀಗೇ ಮಾಡುತ್ತಾರೆ, ನಾನೂ ಶುರುವಿಗೆ ಮಾಡಿದ್ದೆ ಎಂದೂ ಹೇಳಿದರು.

"ತಂಗಿ, ನಿಮ್ಮ ಮೊದಲಿನ ಫಾರ್ಮ ಭಾಳ ಚಲೋ ಇದ್ದೂ," ಎಂದರು ಕೊನೆಗೆ. "ಇವನ್ನ ತಿರುಗಿ ಒಯ್ಯಿರಿ. ನಾ ನೋಡೇ ಇಲ್ಲ ಅಂತೇನಿ."

ನಾಲ್ಕು ಜನರ ಕೈ ಹೀಗಾಗಿದೆ ಎಂದೆ. ಸಿಂದಗಿಯ ಐವತ್ತರಲ್ಲಿ ನಾಲ್ಕು ಬಹಳವಲ್ಲ, ಕಂಪನಿಯವರು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ ಎಂದರು. ಇರಬಹುದು, ಹಿಡಿಯುವುದು ಬಿಡುವುದು ಅವರಿಗೆ ಬಿಟ್ಟದ್ದು, ನೀವು ಕಳಿಸಿರಿ ಎಂದು ಹೇಳಿ ಎದ್ದೆ. ಕಾಗದದ ಕಟ್ಟು ಅವರ ಚಹಾದ ಬಸಿಯ ಪಕ್ಕದಲ್ಲೇ ಇತ್ತು. ಅವರು ಅದನ್ನು ಚೀಲಕ್ಕೆ ಹಾಕಿಕೊಂಡರೋ ಇಲ್ಲವೋ ನಾನು ತಿರುಗಿ ನೋಡಲಿಲ್ಲ. ಅಪ್ಪ ಹೊರಗೆ ಬಂದು, ಒಂದು ದೋಸೆ ತಿಂದೇ ಹೋಗೋಣ ಎಂದರು. ನಾವು ಬೇರೆ ಹೋಟೆಲ್ಲಿಗೆ ಹೋದೆವು.

ಆಮೇಲೆ ಆ ಆಫೀಸಿನಿಂದ ನನಗೆ ಕೆಲಸ ಬರಲಿಲ್ಲ. ಆ ಸುತ್ತಿನ ಪಗಾರವೂ ಬರಲಿಲ್ಲ, ನಾನು ಕೇಳಲೂ ಇಲ್ಲ. ಆ ಪುಡಿ ಯಾವ ಹೆಸರಿನಿಂದ ಅಂಗಡಿಗೆ ಬಂತು, ಬಂತೋ ಇಲ್ಲವೋ, ಬಂದಿದ್ದರೆ ಏನಾದರೂ ಬದಲಾಯಿಸಿದರೋ, ಇವತ್ತಿಗೂ ನನಗೆ ತಿಳಿದಿಲ್ಲ.

ಮುಲಾಮಿನ ಡಬ್ಬಿಯನ್ನು ಮಾತ್ರ ಆ ಇಪ್ಪತ್ತೆರಡು ಮನೆಯ ಸುತ್ತಾಟದ ಮೊದಲ ದಿನವೇ ಆಕೆಗೆ ಮುಟ್ಟಿಸಿದ್ದೆ. ಹದಿನೈದು ದಿನ ಬಿಟ್ಟು ನೋಡಲು ಹೋದೆ. ಬಿರುಕುಗಳು ಕೂಡಿಕೊಳ್ಳುತ್ತಿದ್ದವು. ಆಕೆ ಹಾಸ್ಟೆಲ್ಲಿನ ಒಗೆತವನ್ನು ಬಿಟ್ಟಿರಲಿಲ್ಲ, ಬಿಡುವಂತಿರಲಿಲ್ಲ. ಪಕ್ಕದ ಮನೆಯಾಕೆಯನ್ನು ಜೊತೆಗೆ ಕರೆದುಕೊಂಡು, ಒಗೆಯುವುದನ್ನು ಅವಳಿಗೆ ಕೊಟ್ಟು, ತಾನು ಹಿಂಡಿ ಒಣಹಾಕುವುದನ್ನು ನೋಡಿಕೊಳ್ಳುತ್ತಿದ್ದಳು. ಸಾಹೇಬರು ಏನಂದರು ಎಂದು ಕೇಳಿದಳು. ಬರೆದು ಕೊಟ್ಟಿದ್ದೇನೆ ಎಂದೆ. ತನ್ನ ಹೆಸರಿದೆಯೇ, ಪುಡಿ ತಿರುಗಿ ಕೇಳಲು ಬರುತ್ತಾರೆಯೇ ಎಂದು ಸ್ವಲ್ಪ ಗಾಬರಿಯಾದಳು. ಇಲ್ಲ, ಯಾರೂ ಬರುವುದಿಲ್ಲ ಎಂದು ಸಮಾಧಾನ ಹೇಳಿದೆ.

ಹೊರಡುವಾಗ ಆಕೆ ಒಳಗೆ ಹೋಗಿ ಒಂದು ಖಾಲಿ ಇನ್‌ಲ್ಯಾಂಡ್ ಪತ್ರ ತಂದಳು. ಪೋಸ್ಟಿನಿಂದ ಆವತ್ತೇ ತರಿಸಿ ನನ್ನ ದಾರಿ ಕಾದಿದ್ದಳೋ, ಎಷ್ಟು ದಿನದಿಂದ ಮನೆಯಲ್ಲಿತ್ತೋ. ಗಂಡ ಕೆಲಸ ಮಾಡುತ್ತಿದ್ದ ಗುತ್ತಿಗೆದಾರನ ವಿಳಾಸ ಒಂದು ಹಳೆಯ ಕಾಗದದ ಮೇಲಿತ್ತು.

"ನಾ ಅನ್ನದಿದ್ದದ್ದು ನೀವು ಚಂದ ಬರೀತೀರಿ," ಎಂದಳು. "ಈಗ ನಾ ಅಂದದ್ದಷ್ಟ ಬರೀರಿ."

ಕಟ್ಟೆಯ ಮೇಲೆ ಕುಳಿತು ಬರೆದೆ. ಆಕೆ ಒಂದೊಂದು ಮಾತು ಹೇಳಿ ನಿಲ್ಲುತ್ತಿದ್ದಳು, ನಾನು ಬರೆದು ತಲೆ ಎತ್ತುತ್ತಿದ್ದೆ. ಅವ್ವನ ಕಣ್ಣು ಮಂಜಾಗಿವೆ. ಹಾಸ್ಟೆಲ್ಲಿನ ಕೆಲಸ ನಡೆದಿದೆ. ಕೈ ಕೆಟ್ಟಿದ್ದವು, ಈಗ ಆರುತ್ತಿವೆ. ಛಾವಣಿಯ ಒಂದು ತಗಡು ಹಾರಿಹೋಗಿದೆ, ಹಾಕಿಸಿದ್ದೇನೆ. ಬರುತ್ತೀ ಎಂದರೆ ಬರುತ್ತೀ ಎಂದು ತಿಳಿಸು. ಬರುವುದಿಲ್ಲ ಎಂದರೆ ಬರುವುದಿಲ್ಲ ಎಂದು ತಿಳಿಸು. ಕೇಳಿದವರಿಗೆ ನಾನು ಏನಾದರೂ ಒಂದು ಹೇಳಬೇಕು. ಅಷ್ಟೇ. ಕೊನೆಗೆ ಒಂದು ಒಳ್ಳೆಯ ಸಾಲು ಸೇರಿಸಬೇಕೆಂದು ನನ್ನ ಕೈ ತುಡಿಯಿತು. ಸೇರಿಸಲಿಲ್ಲ. ಆಕೆಯ ಕಣ್ಣೆದುರೇ ಅಂಟಿಸಿ, ಬಸ್ ನಿಲ್ದಾಣದ ಡಬ್ಬಿಗೆ ಹಾಕಿದೆ.

ನನಗೆ ಮುಂದೆ ಬಿಜಾಪುರದಲ್ಲಿ ಬಿ.ಎಡ್. ಸೀಟು ಸಿಕ್ಕಿತು. ಏಳೆಂಟು ತಿಂಗಳ ಮೇಲೆ ಒಂದು ಮದುವೆಗೆಂದು ಸಿಂದಗಿಗೆ ಹೋದವಳು ಆ ಓಣಿಗೂ ಹೋದೆ. ಪತ್ರ ತಿರುಗಿ ಬಂದಿತ್ತು. ಮೇಲೆ ಅಂಚೆಯವರ ಕೆಂಪು ಅಕ್ಷರ, ಆ ವಿಳಾಸದಲ್ಲಿ ಅಂಥವರು ಯಾರೂ ಇಲ್ಲ ಎಂದು. ಅದನ್ನು ಯಾರೋ ಆಕೆಗೆ ಓದಿ ಹೇಳಿದ್ದರು. ಒಳಗೆ ಏನಿದೆಯೆಂದು ಒಡೆದು ಓದಿಸಿರಲಿಲ್ಲ. ನನಗೇ ಕೊಟ್ಟು, ಒಮ್ಮೆ ಓದಿರಿ ಎಂದಳು.

ಓದಿದೆ. ಆಕೆ ಗೋಡೆಗೆ ಆತು, ಕಣ್ಣು ಮುಚ್ಚಿ, ಬೇರೆ ಯಾರದೋ ಸುದ್ದಿ ಕೇಳುವಂತೆ ಪೂರ್ತಿ ಕೇಳಿದಳು. ತಗಡಿನ ಮಾತು ಬಂದಾಗ ತಲೆಯಾಡಿಸಿದಳು. ಮುಗಿದ ಮೇಲೆ ನಾನು ಪತ್ರ ಮಡಚಿ ಆಕೆಯ ಕೈಗೆ ಕೊಟ್ಟೆ. ಆಮೇಲೆ ಆಕೆ ಎದ್ದು, ಒಲೆಯ ಮೇಲೆ ಚಹಾಕ್ಕೆ ಇಟ್ಟು ಬಂದಳು. ಜನಗಣತಿಯ ಹುಡುಗ ಹಿಂದಿನ ವಾರ ಬಂದಿದ್ದ, ಎರಡು ಮಂದಿ ಅಂತ ಬರೆಸಿದೆ ಎಂದು ಹೇಳಿದಳು. ಒಳಗೆ ಅತ್ತೆ ಚಹಾಕ್ಕೆ ಲೋಟ ತೊಳೆಯುತ್ತಿದ್ದಳು.

ಚಹಾ ಕುಡಿದು, ಮದುವೆಮನೆಯಲ್ಲಿ ಹುಡುಕುತ್ತಾರೆಂದು ನಾನು ಎದ್ದೆ. ಆಕೆಗೂ ಹಾಸ್ಟೆಲ್ಲಿನ ಬಟ್ಟೆ ತರಲು ಹೊತ್ತಾಗಿತ್ತು. ಓಣಿಯ ತುದಿಯವರೆಗೆ ಜೊತೆಗೆ ನಡೆದು, ಅಲ್ಲಿಂದ ಆಕೆ ಎಡಕ್ಕೆ ಹೋದಳು, ನಾನು ಬಲಕ್ಕೆ.